ಕೊಡಗು ಪದಕದ ಎರಡು ಮುಖಗಳು: 1837ರ ಕನ್ನಡ ಪಾಠವೊಂದರ ವಿಮರ್ಶೆ

ಪುಣೆಯ ದಕ್ಷಿಣ ಭಾಗದಲ್ಲಿರುವ ಬಿಬವೇವಾಡಿಯಲ್ಲಿ, ಕೊಡಗಿನಿಂದ ಬಂದು ನೆಲೆಸಿದ ಮನೆಯೊಂದರಲ್ಲಿ, ಕಂಚಿನ ಪದಕವೊಂದನ್ನು ನೋಡುವ ಅವಕಾಶ ನನಗೆ ಒದಗಿತು. ಒಂದು ಮುಖದಲ್ಲಿ ಆಯುಧ ಹಿಡಿದು ನಿಂತ ಕೊಡವ ವೀರ, ಅವನ ಸುತ್ತ ಕನ್ನಡ ಬರಹ. ಇನ್ನೊಂದು ಮುಖದಲ್ಲಿ ಕೊಡವರ ಯುದ್ಧದ ಕತ್ತಿ ಮತ್ತು ಅದರ ಪಟ್ಟಿ, ಸುತ್ತ ಇಂಗ್ಲಿಷ್ ಬರಹ. ಮನೆಯವರು ಅದನ್ನು 'ಬಿಲ್ಲೆ' ಎನ್ನುತ್ತಿದ್ದರು. ಹಿರಿಯರೊಬ್ಬರು ಕಂಪನಿ ಸರಕಾರದ ಕಾಲದಲ್ಲಿ ಪಡೆ ಕಟ್ಟಿಕೊಂಡು ಹೋಗಿ ಗಳಿಸಿದ್ದು ಎಂಬುದು ಮನೆಯಲ್ಲಿ ಉಳಿದುಬಂದ ಮಾತು.

ಪದಕ ಯಾವುದೆಂದು ಗುರುತಿಸುವುದು ಕಷ್ಟವಾಗಲಿಲ್ಲ. ನಾಣ್ಯ ಮತ್ತು ಪದಕಗಳ ಅಭ್ಯಾಸಿಗಳು 'ಕೊಡಗು ಪದಕ' ಎಂದು ಕರೆಯುವ, 1837ರ ದಂಗೆಯನ್ನು ಅಡಗಿಸಲು ನೆರವಾದವರಿಗೆ ಈಸ್ಟ್ ಇಂಡಿಯಾ ಕಂಪನಿಯು ಕೊಟ್ಟ ಪದಕ ಇದು. ಆದರೆ ಕಂಪನಿ ಹಂಚಿದ್ದು 44 ಚಿನ್ನದ ಮತ್ತು 300 ಬೆಳ್ಳಿಯ ಪದಕಗಳನ್ನು. ಕಂಚಿನವು ಅದೇ ಅಚ್ಚಿನಿಂದ ಮಾದರಿಗಾಗಿ ತೆಗೆದ ಪ್ರತಿಗಳು. ಯಾವ ವೀರನ ಕೊರಳಿಗೂ ಅವನ್ನು ಹಾಕಿದ್ದಲ್ಲ. ಈ ಸಂಗತಿಯನ್ನು ಮನೆಯ ಯಜಮಾನರಿಗೆ ಹೇಳಬೇಕಾಗಿ ಬಂತು. ಅವರು ಬೇಸರಗೊಳ್ಳಲಿಲ್ಲ. "ಹಾಗಾದರೆ ಇದು ಯಾರದು, ಸಾರ್?" ಎಂದಷ್ಟೇ ಕೇಳಿದರು. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಕಂಚಿನ ಪ್ರತಿಯ ವಿಷಯದಲ್ಲಿ ಎದ್ದ ಈ ಪ್ರಶ್ನೆಯನ್ನು ಚಿನ್ನ ಬೆಳ್ಳಿಯ ಪದಕಗಳ ವಿಷಯದಲ್ಲೂ ಕೇಳಬೇಕಾಗುತ್ತದೆ ಎಂಬುದು ನನ್ನ ವಾದ.

೧

ರಾಜ್ಯದ ಹೊರಗಿನ ಅಭ್ಯಾಸಿಗಳಿಗಾಗಿ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಹಾಲೇರಿ ವಂಶದ ಕೊನೆಯ ಅರಸ ಚಿಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ಕಂಪನಿಯು ಕೊಡಗನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡಿತು. ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ, ಘಟ್ಟದ ಕೆಳಗಿನ ಸುಳ್ಯ ಮತ್ತು ಪುತ್ತೂರಿನ ಭಾಗಗಳನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ಅಲ್ಲಿನ ರೈತರು ಇನ್ನು ಮುಂದೆ ನಗದು ಹಣವನ್ನೇ ಕೊಡಬೇಕಾಯಿತು. ಹಣಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿ ಬಂದ ಈ ಬದಲಾವಣೆಯೇ ಅಸಮಾಧಾನದ ಮುಖ್ಯ ಕಾರಣಗಳಲ್ಲಿ ಒಂದು. ಅರಸುಮನೆತನದವರೆಂದು ಹೇಳಿಕೊಂಡು ಸ್ವಾಮಿ ಅಪರಂಪಾರ, ಅವನ ತರುವಾಯ ಕಲ್ಯಾಣಸ್ವಾಮಿ ಎಂಬವರು ಕಾಣಿಸಿಕೊಂಡರು. ಅವರಿಬ್ಬರೂ ಸೆರೆಯಾದ ಮೇಲೆ ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿಯ ಹೆಸರಿನಲ್ಲಿಯೇ ಮುಂದೆ ಬಂದನು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ, ಚೆಟ್ಟಿ ಕುಡಿಯ, ಹುಲಿ ಕಡಿದ ನಂಜಯ್ಯ, ಲಕ್ಷ್ಮಪ್ಪ ಬಂಗರಸ ಮುಂತಾದವರು ಅವನೊಡನೆ ಸೇರಿದರು. ಸುಳ್ಯ, ಬೆಳ್ಳಾರೆ, ಪುತ್ತೂರುಗಳ ದಾರಿಯಾಗಿ ನಡೆದ ಈ ದಂಡು 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ತನ್ನ ವಶದಲ್ಲಿರಿಸಿಕೊಂಡಿತು. ಕಣ್ಣೂರಿನಿಂದ ಬಂದ ಕಂಪನಿಯ ಸೈನ್ಯ ಊರನ್ನು ಮತ್ತೆ ವಶಪಡಿಸಿಕೊಂಡಿತು. ಪುಟ್ಟಬಸಪ್ಪ ಮತ್ತು ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಇತ್ತ ಮಡಿಕೇರಿಯಲ್ಲಿ, ಕೊನೆಯ ಅರಸನ ಕಾಲದಿಂದಲೂ ಅಧಿಕಾರದಲ್ಲಿದ್ದ ದಿವಾನರಾದ ಅಪ್ಪಾರಂಡ ಬೋಪು ಮತ್ತು ಚೆಪ್ಪುಡಿರ ಪೊನ್ನಪ್ಪ ಕಂಪನಿಯ ಪಕ್ಷದಲ್ಲಿ ನಿಂತರು. ಬೋಪು ನಾಡುನಾಡುಗಳಿಂದ ಜನರನ್ನು ಕೂಡಿಸಿ ಆ ಪಡೆಯನ್ನು ಸುಳ್ಯದ ಕಡೆಗೆ ನಡೆಸಿದನು. ಇದು ಸಂಬಳದ ಸೈನ್ಯವಲ್ಲ. ಕೊಡಗಿನ ಜಮ್ಮಾ ಹಿಡುವಳಿಯವರು ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುತ್ತ, ಸಾಗು ಭೂಮಿಗಿಂತ ಅರ್ಧದಷ್ಟು ಕಂದಾಯ ಕೊಟ್ಟು, ಅದಕ್ಕೆ ಪ್ರತಿಯಾಗಿ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಾದ ಹೊಣೆ ಹೊತ್ತವರು. ಅರಸನಿಗೆ ಸಲ್ಲುತ್ತಿದ್ದ ಆ ಹಳೆಯ ಹೊಣೆಯನ್ನು, ಅರಸನನ್ನು ಇಳಿಸಿ ಮೂರು ವರ್ಷವೂ ಸರಿಯಾಗಿ ಕಳೆಯದಿದ್ದಾಗ, ಅವನನ್ನು ಇಳಿಸಿದವರಿಗಾಗಿ ಬಳಸಿಕೊಂಡದ್ದು ಬೋಪುವಿನ ಕಾರ್ಯ. ಪದಕ ಗೌರವಿಸುವುದು ಈ ಪಡೆಯನ್ನು ಮತ್ತು ಅದನ್ನು ಕಟ್ಟಿದವರನ್ನು.

೨

ಈಗ ಪಾಠಕ್ಕೆ ಬರೋಣ. ಪದಕದ ಮೇಲಿನ ಬರಹವನ್ನು ಅಲಂಕಾರವೆಂದು ಭಾವಿಸಿ ಚಿತ್ರಕ್ಕೆ ಮಾತ್ರ ಗಮನ ಕೊಡುವುದು ರೂಢಿ. ಆದರೆ ಶಾಸನಾಭ್ಯಾಸಿಗೆ ಇದು ದಿನಾಂಕವುಳ್ಳ, ಆಳುವವರೇ ಹೊರಡಿಸಿದ, ದ್ವಿಭಾಷಿಕ ಲೋಹಶಾಸನ. ಮೈಸೂರು ಯುದ್ಧಗಳ ಸಂಬಂಧವಾಗಿ ಕಂಪನಿ ಹಿಂದೆ ಹೊರಡಿಸಿದ್ದ ಎರಡು ಪದಕಗಳೊಡನೆ ಹೋಲಿಸಿದರೆ ಇದರ ವಿಶೇಷ ತಿಳಿಯುತ್ತದೆ. 1791-92ರ ಮೈಸೂರು ಪದಕದಲ್ಲಿಯೂ 1799ರ ಶ್ರೀರಂಗಪಟ್ಟಣದ ಪದಕದಲ್ಲಿಯೂ ದೇಶೀಯರಿಗೆಂದು ಬಳಸಿದ್ದು ಪಾರ್ಸಿಯನ್ನು. ಕನ್ನಡನಾಡಿನಲ್ಲಿ ನಡೆದ ಯುದ್ಧಗಳಾದರೂ ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ಕಂಪನಿಯ ಆಡಳಿತದಲ್ಲಿ ಪಾರ್ಸಿಯ ಬದಲು ದೇಶಭಾಷೆಗಳನ್ನು ಬಳಸಲು ಅವಕಾಶ ಕೊಟ್ಟ ಕಾಯಿದೆ ಬಂದದ್ದೂ 1837ರಲ್ಲಿಯೇ. ಕೊಡಗಿನ ಮಟ್ಟಿಗೆ ಇನ್ನೂ ಒಂದು ಕಾರಣವಿದೆ: ಹಾಲೇರಿ ಅರಸರ ರಾಜ್ಯವ್ಯವಹಾರ ಕನ್ನಡದಲ್ಲಿತ್ತು, ದೊಡ್ಡವೀರರಾಜೇಂದ್ರನು ಬರೆಸಿದ 'ರಾಜೇಂದ್ರನಾಮೆ'ಯೂ ಕನ್ನಡದ್ದೇ. ಕೊಡವರ ಮನೆಮಾತು ಕೊಡವ ತಕ್ಕ್. ಪದಕ ಅವರೊಡನೆ ಆಡುವುದು ಅರಮನೆಯ ಭಾಷೆಯನ್ನು. ಅಳಿದ ಅರಸನ ದನಿಯಲ್ಲಿಯೇ ಹೊಸ ಒಡೆಯ ಮಾತಾಡುತ್ತಿದ್ದಾನೆ ಎನ್ನಬಹುದು.

ಆದರೆ ಎರಡು ಮುಖಗಳು ಆಡುವ ಮಾತು ಒಂದೇ ಅಲ್ಲ. ಇಂಗ್ಲಿಷ್ ಪಾಠದ ಸಾರವಿಷ್ಟು: ವಿಶಿಷ್ಟವಾದ ನಡವಳಿಕೆಗಾಗಿ, ಬ್ರಿಟಿಷ್ ಸರಕಾರಕ್ಕೆ ತೋರಿದ ನಿಷ್ಠೆಗಾಗಿ, ಸ್ಥಳ ಕೊಡಗು, ಕಾಲ 1837ರ ಏಪ್ರಿಲ್. ಕನ್ನಡ ಪಾಠದ ಸಾರ: 1837ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಂಗೆಯನ್ನು ಅಡಗಿಸುವುದರಲ್ಲಿ ಕಂಪನಿಯ ಸರಕಾರಕ್ಕೆ ತೋರಿದ ನಿಷ್ಠೆಗಾಗಿ ಕೊಟ್ಟ ಕೃಪೆಯ ಗುರುತು. ಇವುಗಳಲ್ಲಿ ಒಂದನ್ನು ಇನ್ನೊಂದರ ಅನುವಾದವೆಂದು ತಿಳಿದು ಮುಂದೆ ಹೋಗುವುದು ತಪ್ಪು. ಇಲ್ಲಿ ನಾಲ್ಕು ವ್ಯತ್ಯಾಸಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಇಂಗ್ಲಿಷ್ ಪಾಠದಲ್ಲಿ ದಂಗೆಯ ಸುದ್ದಿಯೇ ಇಲ್ಲ. ಅದನ್ನಷ್ಟೇ ಓದಿದವನಿಗೆ ಯಾರು ಯಾರ ಮೇಲೆ ಎದ್ದರೆಂಬುದಿರಲಿ, ಎದ್ದರೆಂಬುದೇ ತಿಳಿಯದು. ದಂಗೆಯಾಯಿತೆಂದು ಒಪ್ಪಿಕೊಳ್ಳುವುದು ಕನ್ನಡ ಪಾಠ ಮಾತ್ರ. ಎರಡನೆಯದಾಗಿ, ಇಂಗ್ಲಿಷ್ ಪಾಠ ನಡವಳಿಕೆಯನ್ನು ಹೊಗಳಿದರೆ, ಕನ್ನಡ ಪಾಠ ಕೃಪೆಯನ್ನು ಸಾರುತ್ತದೆ. ಒಂದರ ಒತ್ತು ಪಡೆದವನ ಗುಣದ ಮೇಲೆ, ಇನ್ನೊಂದರ ಒತ್ತು ಕೊಟ್ಟವನ ಔದಾರ್ಯದ ಮೇಲೆ. ಪದಕ ಧರಿಸಿದವನು ಓದಬಲ್ಲ ಭಾಷೆಯಲ್ಲಿ ಅವನ ಗುಣವರ್ಣನೆಯಿಲ್ಲ ಎಂಬುದು ವಿಚಿತ್ರ. ಮೂರನೆಯದಾಗಿ, ಒಂದೆಡೆ ಬ್ರಿಟಿಷ್ ಸರಕಾರ, ಇನ್ನೊಂದೆಡೆ ಕಂಪನಿಯ ಸರಕಾರ. ಕೊಡಗಿನವರಿಗೆ ಕಣ್ಣೆದುರು ಕಂಡಿದ್ದ ಒಡೆಯ ಕಂಪನಿ. ಹೊರಗಿನವರಿಗೆ ಹೇಳಬೇಕಾದ ಒಡೆಯ ಬೇರೆ. ನಾಲ್ಕನೆಯದು ಸ್ಥಳದ ಮಾತು. ಇಂಗ್ಲಿಷ್ ಮುಖದಲ್ಲಿರುವ ಊರು ಕೊಡಗು. ಹೋರಾಟ ಬಹುಮಟ್ಟಿಗೆ ನಡೆದದ್ದಾದರೋ ಸುಳ್ಯ, ಪುತ್ತೂರು, ಮಂಗಳೂರುಗಳಲ್ಲಿ, ಅಂದರೆ 1834ರಿಂದ ಈಚೆಗೆ ಕಂಪನಿಯ ಲೆಕ್ಕದಲ್ಲಿ ಕೊಡಗಲ್ಲದ ಭೂಮಿಯಲ್ಲಿ. ಬೇರ್ಪಟ್ಟ ನೆಲದ ಜನರ ಅಸಮಾಧಾನದಿಂದ ಎದ್ದ ಪ್ರಕರಣದಲ್ಲಿ ಆ ನೆಲದ ಹೆಸರೇ ಬಿಟ್ಟುಹೋಗಿದೆ.

೩

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಪಾಠ ಮಾಡುವಾಗ ನಾನು ಈ ಪದಕವನ್ನು 'ಕೊನೆಗಾಲದ ವೀರಗಲ್ಲು' ಎಂದು ವರ್ಣಿಸಿದ್ದೆ. ಚಿತ್ರ ಮತ್ತು ಬರಹ ಜೊತೆಗೂಡಿರುವುದು, ಒಡೆಯನಿಗೆ ತೋರಿದ ನಿಷ್ಠೆ ಅದರ ವಿಷಯವಾಗಿರುವುದು ನನ್ನನ್ನು ಆ ಮಾತಿಗೆ ಎಳೆದಿದ್ದವು. ಪಾಠವನ್ನು ಪದಪದವಾಗಿ ನೋಡಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ಕನ್ನಡ ಶಾಸನಗಳಲ್ಲಿ ಒಡೆಯ ಮತ್ತು ಆಳಿನ ಸಂಬಂಧಕ್ಕೆ ಸ್ಪಷ್ಟವಾದ ಶಬ್ದಗಳಿವೆ. ಉಂಡ ಅನ್ನದ ಋಣವನ್ನು ತೀರಿಸುವ ಹೊಣೆ ಜೋಳವಾಳಿ. ಒಡೆಯನೊಡನೆ ಪ್ರಾಣ ಬಿಡುವೆನೆಂಬ ಪ್ರತಿಜ್ಞೆಯ ಹೊಣೆ ವೇಳೆವಾಳಿ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಈ ಪರಿಕಲ್ಪನೆಗಳನ್ನು ವಿವರಿಸಿದೆ. ಇವೆಲ್ಲದರಲ್ಲಿ ಸಾಮಾನ್ಯವಾದ ಒಂದು ಲಕ್ಷಣವುಂಟು: ಹೊಣೆ ಎರಡೂ ಕಡೆಗೆ ಸಲ್ಲುತ್ತದೆ ಮತ್ತು ಎರಡೂ ಕಡೆಯವರಿಗೆ ಹೆಸರಿರುತ್ತದೆ.

ಆತಕೂರಿನ ಶಾಸನವನ್ನು ನೋಡಬಹುದು. ಹತ್ತನೆಯ ಶತಮಾನದ ನಡುವೆ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ತರುವಾಯ, ಗಂಗ ಬೂತುಗನ ಭಟನಾದ ಮಣಲೇರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಒಡೆಯನ ಹೆಸರು, ಭಟನ ಹೆಸರು, ಊರಿನ ಹೆಸರು, ಕೊನೆಗೆ ನಾಯಿಯ ಹೆಸರು ಕೂಡ ಅಲ್ಲಿ ಉಳಿದಿದೆ. ಬೇಗೂರಿನ ವೀರಗಲ್ಲಿನಲ್ಲಿ, ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದಾಗ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿವರವಿದೆ. ಹಳೇಬೀಡಿನ ಗರುಡಸ್ತಂಭದಲ್ಲಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಹೆಸರಿನೊಡನೆಯೇ ನಿಂತಿದ್ದಾರೆ. ಈ ಮೂರೂ ಆಳುವವರ ಕಡೆಯ ಬರಹಗಳೇ. ಅವುಗಳಲ್ಲಿ ಅತಿಶಯೋಕ್ತಿಯಿದೆ, ಸಾವಿನ ವೈಭವೀಕರಣವಿದೆ. ಅವನ್ನು ಆದರ್ಶವೆಂದು ಮುಂದಿಡುತ್ತಿಲ್ಲ. ಆದರೆ ಸತ್ತವನು ಯಾರು, ಯಾರಿಗಾಗಿ ಸತ್ತ, ಅದಕ್ಕೆ ಒಡೆಯ ಏನು ತೆತ್ತ ಎಂಬ ಮೂರು ಪ್ರಶ್ನೆಗಳಿಗೆ ಅವು ಉತ್ತರ ಕೊಡುತ್ತವೆ.

ಕೊಡಗು ಪದಕದ ಪಾಠ ಈ ಮೂರರಲ್ಲಿ ಒಂದಕ್ಕೂ ನೇರವಾಗಿ ಉತ್ತರಿಸುವುದಿಲ್ಲ. ಅಚ್ಚಿನ ಬರಹದಲ್ಲಿ ಬೋಪುವಿನ ಹೆಸರಿಲ್ಲ, ಪೊನ್ನಪ್ಪನ ಹೆಸರಿಲ್ಲ, ಪಡೆಯ ಒಬ್ಬ ಆಳಿನ ಹೆಸರೂ ಇಲ್ಲ. ನಿಂತಿರುವ ವೀರ ಯಾರೂ ಅಲ್ಲ, ಕೊಡವನೆಂಬ ಒಂದು ಮಾದರಿ ಮಾತ್ರ. ಒಡೆಯನ ಸ್ಥಾನದಲ್ಲಿರುವುದು ಮುಖವಿಲ್ಲದ ಸರಕಾರ. ಕೊಟ್ಟದ್ದು ಏನೆಂದರೆ ಕೃಪೆಯ ಗುರುತು, ಅಂದರೆ ಆ ಲೋಹದ ತುಂಡೇ. ಪದಕದ ಜೊತೆಗೆ ಭೂಮಿಯೂ ಇತರ ಬಹುಮಾನಗಳೂ ಸಂದಿವೆ ಎಂಬುದು ನಿಜ; ಆದರೆ ಪಾಠ ಅವುಗಳ ಮಾತೆತ್ತುವುದಿಲ್ಲ. ಅಂತರ ಉಳಿದಿರುವುದು ಲೋಹದಲ್ಲಿ: ಕೆಲವರಿಗೆ ಚಿನ್ನ, ಉಳಿದವರಿಗೆ ಬೆಳ್ಳಿ. ಶಾಸನದಲ್ಲಿ ಹೆಸರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಲೋಹದ ಬೆಲೆ ಮಾಡುತ್ತಿದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಕತ್ತಿಯದು. ಕೊಡವರಲ್ಲಿ ಆಯುಧ ಮನೆತನದ ಸೊತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಪದಕದಲ್ಲಿ ಅದೇ ಕತ್ತಿ ಇಂಗ್ಲಿಷ್ ಬರಹದ ನಡುವೆ, ಹಿಡಿದ ಕೈಯಿಲ್ಲದೆ ಇದೆ. ಮನುಷ್ಯನ ಮುಖದಲ್ಲಿ ಕನ್ನಡ, ಆಯುಧದ ಮುಖದಲ್ಲಿ ಇಂಗ್ಲಿಷ್. ಇದು ಅಚ್ಚು ಕೊರೆದವನ ಉದ್ದೇಶವೆಂದು ನಾನು ಹೇಳಲಾರೆ. ಆದರೆ ಮುಂದಿನ ಚರಿತ್ರೆ ಈ ವಿಂಗಡಣೆಗೆ ಹೊಂದಿಕೊಂಡೇ ನಡೆಯಿತು. 1861ರ ಫೆಬ್ರವರಿಯಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿಗೊಳಿಸಿದಾಗ ಕೊಟ್ಟ ಕಾರಣವೂ ನಿಷ್ಠೆಯೇ. ತಲೆತಲಾಂತರದಿಂದ ತಮ್ಮದೇ ಆಗಿದ್ದ ಆಯುಧವನ್ನು ಇಟ್ಟುಕೊಳ್ಳಲು ಸರಕಾರದ ಕೃಪೆ ಬೇಕಾಯಿತು. ಕೃಪೆಯ ಪರಿಭಾಷೆ 1837ರಲ್ಲಿಯೇ ಸಿದ್ಧವಾಗಿತ್ತು.

೪

ಪುಣೆಯಲ್ಲಿದ್ದು ಈ ವಿಷಯವನ್ನು ಯೋಚಿಸುವವರಿಗೆ ಇನ್ನೊಂದು ಸ್ಮಾರಕ ನೆನಪಾಗದೆ ಇರದು. ನಗರದಿಂದ ಈಶಾನ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿ, ಭೀಮಾ ನದಿಯ ದಡದಲ್ಲಿ, ಕೋರೆಗಾಂವ್ ಸ್ತಂಭವಿದೆ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದೊಡನೆ ನಡೆದ ಹೋರಾಟದ ನೆನಪಿಗೆ ಕಂಪನಿಯೇ ನಿಲ್ಲಿಸಿದ ಕಂಬ ಅದು. ಬರಹ ಇಂಗ್ಲಿಷ್ ಮತ್ತು ಮರಾಠಿಗಳಲ್ಲಿದೆ. ಅದೂ ವಿಜಯಿಯ ಸ್ಮಾರಕ. ಅದೂ ದೇಶೀಯರ ನಿಷ್ಠೆಯನ್ನು ಹೊಗಳುವ ಪಾಠ. ಆದರೆ ಅದರಲ್ಲಿ ಕಂಪನಿಯ ಕಡೆಯಲ್ಲಿ ಮಡಿದ 49 ಜನರ ಹೆಸರುಗಳಿವೆ. ಅವುಗಳಲ್ಲಿ 22 'ನಾಕ' ಎಂದು ಕೊನೆಗೊಳ್ಳುವ ಮಹಾರರ ಹೆಸರುಗಳು. 1927ರ ಜನವರಿ 1ರಂದು ಡಾ. ಅಂಬೇಡ್ಕರ್ ಅಲ್ಲಿಗೆ ಹೋದಾಗ ಆ ಹೆಸರುಗಳಿಂದಾಗಿಯೇ ಸ್ತಂಭಕ್ಕೆ ಬೇರೊಂದು ಅರ್ಥ ಹುಟ್ಟಲು ಸಾಧ್ಯವಾಯಿತು. ಕಂಪನಿಯ ವಿಜಯಸ್ತಂಭ ಒಂದು ಸಮುದಾಯದ ಆತ್ಮಗೌರವದ ಸ್ಥಳವಾಯಿತು. ಈ ಮರುಓದು ಎಲ್ಲರಿಗೂ ಒಪ್ಪಿಗೆಯಾಗಿಲ್ಲ. 2018ರ ಜನವರಿ 1ರಂದು ಅಲ್ಲಿ ಹಿಂಸಾಚಾರವೂ ನಡೆಯಿತು. ಆದರೂ ಮರುಓದಿಗೆ ಪಾಠದಲ್ಲಿ ಆಧಾರವಿದೆ ಎಂಬುದು ಮುಖ್ಯ.

ಕೊಡಗು ಪದಕಕ್ಕೆ ಅಂಥ ಆಧಾರವಿಲ್ಲ. ಹೆಸರಿಲ್ಲದ ಗೌರವವನ್ನು ಮುಂದಿನವರು ತಮ್ಮದಾಗಿ ಮಾಡಿಕೊಳ್ಳುವುದೂ ಕಷ್ಟ, ತಮ್ಮದಲ್ಲವೆಂದು ಬಿಟ್ಟುಕೊಡುವುದೂ ಕಷ್ಟ. ಹಾಗಾಗಿಯೇ ಅದು ಒಂದು ಇಡೀ ಜನಾಂಗಕ್ಕೆ ಅಂಟಿಕೊಳ್ಳುತ್ತದೆ. ನಿಂತ ವೀರ 'ಕೊಡವ' ಎಂಬ ಮಾದರಿಯಾದುದರಿಂದ, 1837ರಲ್ಲಿ ಕೊಡವರೆಲ್ಲ ಒಂದು ಕಡೆ, ಗೌಡರೆಲ್ಲ ಇನ್ನೊಂದು ಕಡೆ ಇದ್ದರೆಂಬ ಸರಳ ಚಿತ್ರವನ್ನು ಈ ಅಚ್ಚು ಸಿದ್ಧಪಡಿಸಿಕೊಟ್ಟಿತು. ನಿಜಸ್ಥಿತಿ ಅಷ್ಟು ಸರಳವಲ್ಲ. ದಂಗೆಯಲ್ಲಿದ್ದವರಲ್ಲಿ ಗೌಡರು, ಲಿಂಗಾಯತರು, ಜೈನ ಅರಸುಮನೆಯವರು, ಮಲೆಕುಡಿಯರು ಇದ್ದರು, ಕೊಡವರೂ ಇಲ್ಲದಿರಲಿಲ್ಲ.

೫

ಎದುರಾಳಿಗಳ ಪಾಠ ಯಾವುದು ಎಂಬ ಪ್ರಶ್ನೆ ಸಹಜ. ಅವರಿಗೆ ಟಂಕಸಾಲೆಯಿರಲಿಲ್ಲ. ಅವರ ಬಗೆಗೆ ದಕ್ಷಿಣ ಕನ್ನಡದ ಜನರ ಬಾಯಲ್ಲಿ ಉಳಿದದ್ದು ಒಂದೇ ಒಂದು ನುಡಿಗಟ್ಟು: 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಕಾಟ, ಲೂಟಿ, ಪುಂಡಾಟಿಕೆ. ಪದಕದ ಪಾಠ 'ದಂಗೆ' ಎಂದರೆ, ಜನರ ಪಾಠ ಅದಕ್ಕಿಂತ ಹಗುರವಾದ ಪದವನ್ನು ಬಳಸಿದೆ. ಇದು ಸೋತವರನ್ನು ಗೆದ್ದವರ ಕಣ್ಣಿನಿಂದ ನೋಡಿದ ಮಾತೇ, ಅಥವಾ ದಂಡು ಹಾದುಹೋದ ಊರುಗಳ ನೈಜ ಅನುಭವವೇ? ಎರಡೂ ಸೇರಿರಬಹುದು. ಆದರೆ ಈ ನುಡಿಗಟ್ಟಿನಲ್ಲಿ ಪದಕದಲ್ಲಿಲ್ಲದ ಒಂದು ವಸ್ತುವಿದೆ: ಒಬ್ಬ ಮನುಷ್ಯನ ಹೆಸರು. ನಿಂದೆಯ ರೂಪದಲ್ಲಾದರೂ ಕಲ್ಯಾಣಪ್ಪ ಉಳಿದನು. ಹೊಗಳಿಕೆಯ ರೂಪದಲ್ಲಿ ಬೋಪು ಉಳಿಯಲಿಲ್ಲ.

ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯ ಈ ಎರಡು ಕೊರತೆಗಳನ್ನೂ ತುಂಬಲು ಯತ್ನಿಸಿತು. ನಿರಂಜನರು 'ಸ್ವಾಮಿ ಅಪರಂಪಾರ' ಮತ್ತು 'ಕಲ್ಯಾಣಸ್ವಾಮಿ' ಕಾದಂಬರಿಗಳಲ್ಲಿ ದಂಗೆಯವರನ್ನು ಕಾಟಕಾಯಿಯ ಪದದಿಂದ ಬಿಡಿಸಿ ಜನನಾಯಕರನ್ನಾಗಿ ಕಂಡರು. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956) ದಂಗೆಯ ಕಾಲಕ್ಕೆ ಬರುವುದಿಲ್ಲವಾದರೂ, 1834ರಲ್ಲಿ ಅರಸನನ್ನು ಬಿಟ್ಟು ಇಂಗ್ಲಿಷರ ಕಡೆ ನಿಂತ ಬೋಪಣ್ಣನಿಗೆ ಕಾರಣಗಳನ್ನೂ ಸಂಕಟಗಳನ್ನೂ ಕೊಟ್ಟಿತು. ಪದಕ ಬರಿದಾಗಿ ಬಿಟ್ಟ ಸ್ಥಳದಲ್ಲಿ ಕಾದಂಬರಿಕಾರರು ಮನುಷ್ಯರನ್ನು ನಿಲ್ಲಿಸಿದರು. ವಿಮರ್ಶೆ ಇವೆರಡನ್ನೂ ಒಟ್ಟಿಗೆ ಇಟ್ಟು ಓದಿದ್ದು ಕಡಿಮೆ. ಓದಿದರೆ ದ್ರೋಹಿ ಮತ್ತು ವೀರ ಎಂಬ ಎರಡೇ ಪದಗಳಲ್ಲಿ 1837ನ್ನು ಮುಗಿಸುವುದು ಸಾಧ್ಯವಿಲ್ಲವೆಂಬುದು ಮನವರಿಕೆಯಾದೀತು.

ಈ ಎಚ್ಚರ ಇಂದು ಹೆಚ್ಚು ಅಗತ್ಯ. 2022ರ ನವೆಂಬರ್ 19ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯಗೌಡನ ಕಂಚಿನ ಪ್ರತಿಮೆ ಅನಾವರಣಗೊಂಡಿತು. ದಂಗೆಯವರು ತಮ್ಮ ಬಾವುಟವನ್ನು ಏರಿಸಿದ್ದರೆಂದು ಹೇಳುವ ಗುಡ್ಡ ಅದು. ಸುಮಾರು ನೂರೆಂಬತ್ತೈದು ವರ್ಷಗಳ ಮೇಲೆ ಎದುರಾಳಿಗಳಿಗೂ ಲೋಹ ದೊರೆತಿದೆ, ಹೆಸರಿನೊಡನೆ ದೊರೆತಿದೆ. ಇದು ಸಲ್ಲಬೇಕಾದ ಗೌರವವೇ ಸರಿ. ಆದರೆ ಒಂದು ಕಂಚಿನಿಂದ ಇನ್ನೊಂದು ಕಂಚನ್ನು ಅಳಿಸುವುದು ಸಂಶೋಧನೆಯ ಕೆಲಸವಲ್ಲ. ಪದಕದ ಪಾಠವನ್ನು ನಾಚಿಕೆಯ ವಸ್ತುವೆಂದು ಮರೆಮಾಡಿದರೆ, ಕಂಪನಿಯು ಜಮ್ಮಾ ಹೊಣೆಯನ್ನು ಹೇಗೆ ತನ್ನತ್ತ ತಿರುಗಿಸಿಕೊಂಡಿತು, ಅದಕ್ಕೆ ಕನ್ನಡವನ್ನು ಹೇಗೆ ಬಳಸಿಕೊಂಡಿತು ಎಂಬುದರ ಸಾಕ್ಷ್ಯವೇ ಕೈತಪ್ಪುತ್ತದೆ.

ಆದ್ದರಿಂದ ನನ್ನ ಸೂಚನೆ ಇಷ್ಟು. ಕೊಡಗಿನ ಶಾಸನಗಳ ಸಂಪುಟಗಳು ಕಲ್ಲು ಮತ್ತು ತಾಮ್ರದ ಪಾಠಗಳಿಗೆ ಸೀಮಿತವಾಗಿ ಬೆಳೆದಿವೆ. ಕಂಪನಿಯ ಕಾಲದ ಪದಕಗಳ ಮೇಲಿನ ದೇಶಭಾಷಾ ಪಾಠಗಳನ್ನೂ ಶಾಸನಗಳೆಂದೇ ಎಣಿಸಿ, ಎರಡು ಭಾಷೆಗಳ ಪಾಠಗಳನ್ನು ಎದುರುಬದುರಾಗಿ ಮುದ್ರಿಸಿ, ವ್ಯತ್ಯಾಸಗಳನ್ನು ಗುರುತಿಸಬೇಕು. ಅನುವಾದವೆಂದು ತೋರುವ ಕಡೆಯಲ್ಲಿ ಅನುವಾದ ನಡೆದಿದೆಯೆಂದು ಮೊದಲೇ ನಂಬಬಾರದು. ಹೊರರಾಜ್ಯಗಳ ವಿದ್ವಾಂಸರು ತಮ್ಮ ಪ್ರದೇಶದ ಮರಾಠಿ, ಪಾರ್ಸಿ, ತಮಿಳು ಪಾಠಗಳನ್ನು ಇದೇ ರೀತಿ ಪರಿಶೀಲಿಸಿದರೆ, ಕಂಪನಿ ಯಾವ ಭಾಷೆಯಲ್ಲಿ ಏನನ್ನು ಹೇಳಿತು, ಏನನ್ನು ಬಿಟ್ಟಿತು ಎಂಬುದರ ತುಲನಾತ್ಮಕ ಅಧ್ಯಯನ ಸಾಧ್ಯವಾಗುತ್ತದೆ.

ಬಿಬವೇವಾಡಿಯ ಯಜಮಾನರ ಪ್ರಶ್ನೆಗೆ ನಾನು ಎರಡನೆಯ ಸಲ ಹೋದಾಗ ಉತ್ತರ ಹೇಳಿದೆ. ಇದು ನಿಮ್ಮ ಹಿರಿಯರದೆಂದು ಪದಕ ಹೇಳುವುದಿಲ್ಲ. ಚಿನ್ನದ್ದೋ ಬೆಳ್ಳಿಯದೋ ಆಗಿದ್ದರೂ ಅದು ಹಾಗೆ ಹೇಳುತ್ತಿರಲಿಲ್ಲ. ಹೆಸರು ನಿಮ್ಮ ಮನೆಯ ನೆನಪಿನಲ್ಲಿದ್ದರೆ ಅದನ್ನು ಬರೆದು ಇದರ ಜೊತೆಗೆ ಇಡಿ ಎಂದೆ. ಅವರು ಒಂದು ಹಾಳೆಯಲ್ಲಿ ತಮ್ಮ ಹಿರಿಯರ ಹೆಸರನ್ನೂ ಒಕ್ಕದ ಹೆಸರನ್ನೂ ನಾಡಿನ ಹೆಸರನ್ನೂ ಬರೆದರು. ಸ್ವಲ್ಪ ತಡೆದು, ಅವರ ಪಡೆ ಹೋದದ್ದು ಯಾರ ಮೇಲೆ, ಆ ಹೆಸರುಗಳನ್ನೂ ಹೇಳಿ ಎಂದರು. ನಾನು ಹೇಳುತ್ತ ಹೋದೆ. ಅವರು ಅದೇ ಹಾಳೆಯಲ್ಲಿ ಕೆಳಗೆ ಬರೆದುಕೊಂಡರು.